ಪೈಪಿಂಗ್ ದಾಟುವಾಗ ಮಷಿನ್ ಮುಗ್ಗರಿಸುವುದು ಯಾಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಆಟೊ, ಕಾರಿನ ಸೀಟ್ ಕವರ್ ಹೊಲಿಯುತ್ತೇನೆ. ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ವಾಕಿಂಗ್ ಫುಟ್ ಮಷಿನ್ (ಮಾಲನ್ನು ಒತ್ತುವ ಫುಟ್ ಕೂಡ ನಡೆಯುತ್ತಾ ಎಳೆಯುವಂಥದ್ದು) ತೆಗೆದುಕೊಂಡೆ. ಎರಡು ಪದರ ರೆಕ್ಸಿನ್ ಚೆನ್ನಾಗಿ ಹೊಲಿಯುತ್ತದೆ. ಆದರೆ ಫೋಮ್ ರೆಕ್ಸಿನ್ ಮೇಲೆ ಅಡ್ಡ ಪೈಪಿಂಗ್ (ಒಳಗೆ ಹುರಿ ಇಟ್ಟ ಉಬ್ಬು ಪಟ್ಟಿ) ದಾಟುವಾಗ ಅಲ್ಲೇ ನಿಂತು ನಾಲ್ಕೈದು ಹೊಲಿಗೆ ಒಂದರ ಮೇಲೊಂದು ಬೀಳುತ್ತದೆ. ಮಾಲು ಎಳೆಯುವ ಕೆಳಗಿನ ಹಲ್ಲು ಸವೆದಿದೆ ಎಂದು ಮೆಕ್ಯಾನಿಕ್ ಬದಲಿಸಿದರು. ಆದರೂ ಹಾಗೇ ಇದೆ. ಏನು ಮಾಡಲಿ ಸರ್?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಹಲ್ಲು ಸವೆದಿದ್ದರೆ ಎಲ್ಲ ಕಡೆ ಜಾರಬೇಕಿತ್ತು, ಪೈಪಿಂಗ್ ಹತ್ತಿರ ಮಾತ್ರ ಅಲ್ಲ, ಅಲ್ವಾ? ಸಪಾಟು ಜಾಗದಲ್ಲಿ ಹೊಲಿಗೆ ಸರಿಯಾಗಿ ಬೀಳುತ್ತಿದ್ದರೆ ಹಳೇ ಹಲ್ಲೇ ಸಾಕಿತ್ತು. ಆ ದುಡ್ಡು ದಂಡ.

ಇಂಥ ಬಹಳಷ್ಟು ಮಷಿನ್‌ಗಳಲ್ಲಿ ಮಾಲನ್ನು ಮೂರು ಸೇರಿ ಎಳೆಯುತ್ತವೆ: ಕೆಳಗಿನ ಹಲ್ಲು, ಸೂಜಿ, ಸೂಜಿ ಪಕ್ಕದ ಒಳಗಿನ ಫುಟ್. ಹೊರಗಿನ ಫುಟ್ ಎಳೆಯುವುದಿಲ್ಲ. ಸೂಜಿ ಮೇಲೆದ್ದು ಮುಂದಕ್ಕೆ ಬರುವಷ್ಟು ಹೊತ್ತು ಮಾಲು ಜರುಗದಂತೆ ಒತ್ತಿ ಹಿಡಿಯುವುದಷ್ಟೇ ಅದರ ಕೆಲಸ. ಆ ಮೂರೂ ಹಿಂದಕ್ಕೆ ಹೊರಟ ಕೂಡಲೇ ಅದು ಎದ್ದು ದಾರಿ ಬಿಡಬೇಕು. ಸಪಾಟು ಜಾಗದಲ್ಲಿ ಕೂದಲೆಳೆಯಷ್ಟು ಎದ್ದರೂ ನಡೆಯುತ್ತದೆ. ಪೈಪಿಂಗ್ ಉಬ್ಬು ಬಂದಾಗ ಅಷ್ಟು ಸಾಲದು. ಫುಟ್‌ನ ಮೂತಿಗೆ ಉಬ್ಬು ತಗುಲಿ ಮಾಲು ನಿಂತುಬಿಡುತ್ತದೆ. ಮೂವರು ಎಳೆಯುತ್ತಿದ್ದಾರೆ, ಇನ್ನೊಬ್ಬ ಬಾಗಿಲಿಗೆ ಅಡ್ಡ ನಿಂತಿದ್ದಾನೆ.

ಇದನ್ನು ಕಣ್ಣಾರೆ ನೋಡಬಹುದು. ಸ್ಕ್ರೂ ಡ್ರೈವರ್ ಮುಟ್ಟುವ ಮೊದಲು ಪ್ಲಗ್ ಕಿತ್ತು, ಮೇಲಿನ ದಾರ, ಬಾಬಿನ್ ಎರಡೂ ತೆಗೆಯಿರಿ. ದಾರ ಯಾಕೆ ತೆಗೆಯಬೇಕು ಅಂದರೆ, ಕೆಳಗೆ ಗೋಜಲಾಗಿ ಪ್ಲೇಟಿನ ತೂತಿಗೆ ಸಿಕ್ಕಿಕೊಂಡರೂ ಮಾಲು ಹೀಗೇ ನಿಲ್ಲುತ್ತದೆ. ದಾರವಿಲ್ಲದೆ ಸರಾಗ ಹೋಯಿತೋ, ತೊಂದರೆ ಎಳೆತದ್ದಲ್ಲ, ದಾರದ್ದು. ಈಗ ಹಳೇ ಕ್ಯಾಲೆಂಡರ್ ರಟ್ಟನ್ನು ಫುಟ್ ಕೆಳಗಿಟ್ಟು, ಹೊಲಿಗೆ ಅಳತೆ 5ಕ್ಕೆ ಇಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ 11 ತೂತು ಹಾಕಿ. 11 ತೂತು ಅಂದರೆ ನಡುವೆ 10 ಜಾಗ, 50 ಮಿ.ಮೀ. ಬರಬೇಕು. ಆಮೇಲೆ ಅದೇ ರಟ್ಟಿನ ಮೇಲೆ ಪೈಪಿಂಗ್ ತುಂಡನ್ನು ಅಡ್ಡ ಅಂಟಿಸಿ, ಮತ್ತೆ ತಿರುಗಿಸಿ. ಬಗ್ಗಿ ಪಕ್ಕದಿಂದ ನೋಡಿ. ಹೊರಗಿನ ಫುಟ್ ಉಬ್ಬಿಗಿಂತ ಮೇಲೆ ಏಳುತ್ತಿದೆಯಾ, ಇಲ್ಲಾ ಉಬ್ಬನ್ನು ಮೂತಿಯಲ್ಲಿ ತಳ್ಳುತ್ತಿದೆಯಾ? ನಿಮ್ಮದರಲ್ಲಿ ತಳ್ಳುತ್ತಿರುತ್ತದೆ ಅಂತ ನನ್ನ ಅಂದಾಜು.

ಹಾಗಿದ್ದರೆ ಫುಟ್ ಏಳುವ ಎತ್ತರ ಹೆಚ್ಚಿಸಬೇಕು. ಬಹಳಷ್ಟು ಮಷಿನ್‌ಗಳಲ್ಲಿ ತಲೆಯ ಹಿಂಬದಿ ಉದ್ದ ಸೀಳು ಇರುವ ತೋಳಿದೆ, ಸೀಳಿನಲ್ಲಿ ಒಂದು ನಟ್. ಕೆಲವು ಮಾಡೆಲ್‌ನಲ್ಲಿ ಇದಕ್ಕೇ ಡಯಲ್ ಇರುತ್ತದೆ. ನಟ್ ಈಗಿರುವ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಿ. ಸಡಿಲಿಸಿ ಚೂರೇ ಚೂರು ಸರಿಸಿ, ಬಿಗಿ ಮಾಡಿ, ಚಕ್ರ ತಿರುಗಿಸಿ ನೋಡಿ. ಸಾಲದಿದ್ದರೆ ಇನ್ನೂ ಚೂರು. ಒಳಗಿನ ಫುಟ್, ಹೊರಗಿನ ಫುಟ್ ಎರಡೂ ಸರಿಸುಮಾರು ಸಮನಾಗಿ ಏಳಬೇಕು. ಒಂದು ಎತ್ತರ, ಒಂದು ಗಿಡ್ಡ ಆಗಿದ್ದರೆ ಅದಕ್ಕೆ ಬೇರೆ ಹೊಂದಾಣಿಕೆ ಇದೆ. ಅದನ್ನು ಮೆಕ್ಯಾನಿಕ್ ಕೈಲಿ ಮಾಡಿಸಿ. ಫುಟ್ ಎತ್ತರ ಎದ್ದಷ್ಟೂ ಸದ್ದು, ಹೊಡೆತ ಜಾಸ್ತಿ. ಆದ್ದರಿಂದ ಕೆಲಸಕ್ಕೆ ಬೇಕಾದಷ್ಟೇ ಏರಿಸಿ, ಉಬ್ಬು ದಾಟುವಾಗ ಸ್ಪೀಡ್ ಇಳಿಸಿ.

ಎಳೆಯುತ್ತಿಲ್ಲ ಅಂದ ಕೂಡಲೇ ಮೇಲಿನ ಪ್ರೆಶರ್ ಸ್ಕ್ರೂ ಬಿಗಿ ಮಾಡುವ ಚಾಳಿ ಬಹಳ ಜನಕ್ಕೆ ಇದೆ. ನಿಮ್ಮ ವಿಷಯದಲ್ಲಿ ಅದರಿಂದ ರೆಕ್ಸಿನ್ ಮೇಲೆ ಫುಟ್ ಗುರುತು ಬೀಳುತ್ತದೆ, ಅಷ್ಟೇ. ಹಾಗಂತ ತೀರಾ ಸಡಿಲವೂ ಬೇಡ. ಸೂಜಿ ಏಳುವಾಗ ಮಾಲೂ ಜೊತೆಗೆ ಎದ್ದರೆ ಹೊಲಿಗೆ ತಪ್ಪುತ್ತದೆ.

ಇನ್ನೊಂದು ಮಾತು. ಒಮ್ಮೆ ನಾನೇ ಇಂಥದ್ದೇ ಮಷಿನ್ ಜೊತೆ ಅರ್ಧ ದಿನ ಗುದ್ದಾಡಿದ್ದೆ. ಎಲ್ಲ ಸ್ಕ್ರೂ ತಿರುಗಿಸಿ ಸುಸ್ತಾದ ಮೇಲೆ ಫುಟ್ ಬಿಚ್ಚಿದೆ. ಅದರ ಅಡಿಯಲ್ಲಿ ಫೋಮ್ ಅಂಟಿಸುವ ಸಲ್ಯೂಷನ್ ಒಣಗಿ ಗಟ್ಟಿ ಪದರವಾಗಿ ಕೂತಿತ್ತು! ಬ್ಲೇಡಿನಿಂದ ಕೆರೆದೆ, ಮಷಿನ್ ಓಡಿತು. ನೀವೂ ಮೊದಲು ಫುಟ್ ಅಡಿ ಬೆರಳಾಡಿಸಿ. ಪ್ಲೇಟ್ ಬಿಚ್ಚಿ ಹಲ್ಲಿನ ಸಂದಿಯ ಫೋಮ್ ಪುಡಿಯನ್ನೂ ತೆಗೆಯಿರಿ.

ಪ್ರಶ್ನೆ: ಮಾಮೂಲಿ ಪವರ್ ಮಷಿನ್‌ನಲ್ಲಿ ಬ್ಯಾಗ್ ಹೊಲಿಯುತ್ತೇನೆ. ಮೇಲಿನ ಪದರ ಹಿಂದುಳಿದು ಕೊನೆಯಲ್ಲಿ ಅರ್ಧ ಇಂಚು ಉಳಿಯುತ್ತದೆ. ವಾಕಿಂಗ್ ಫುಟ್ ಮಷಿನ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಮಾಮೂಲಿ ಮಷಿನ್‌ನಲ್ಲಿ ಹಲ್ಲು ಎಳೆಯುವುದು ಕೆಳಗಿನ ಪದರವನ್ನು ಮಾತ್ರ. ಮೇಲಿನದನ್ನು ಫುಟ್ ತಡೆಯುತ್ತಿರುತ್ತದೆ, ಅದಕ್ಕೇ ಉಳಿಯುವುದು. ವಾಕಿಂಗ್ ಫುಟ್ ಅಂತ ಮಾರುವುದರಲ್ಲೂ ಎರಡು ಬಗೆ ಇವೆ. ಒಂದರಲ್ಲಿ ಫುಟ್ ಮಾತ್ರ ನಡೆಯುತ್ತದೆ, ಇನ್ನೊಂದರಲ್ಲಿ ಸೂಜಿಯೂ ಜೊತೆಗೆ ಹಿಂದೆ ಮುಂದೆ ಹೋಗುತ್ತದೆ. ದಪ್ಪ ಬ್ಯಾಗಿಗೆ ಎರಡನೆಯದೇ ಒಳ್ಳೆಯದು, ಸೂಜಿ ಪದರಗಳನ್ನು ಚುಚ್ಚಿ ಹಿಡಿದುಕೊಂಡೇ ಸಾಗಿಸುತ್ತದೆ. ಅಂಗಡಿಯವರ ಮಾತು ಬೇಡ, ಚಕ್ರವನ್ನು ಕೈಯಲ್ಲಿ ತಿರುಗಿಸಿ ಪಕ್ಕದಿಂದ ಸೂಜಿ ನೋಡಿ.

ಪ್ರಶ್ನೆ: ದಾರ ಸಿಕ್ಕಿಕೊಂಡು ಟಕ್ ಎಂದು ಸದ್ದಾಯಿತು. ಆಮೇಲೆ ಸೂಜಿ ಏರಿಳಿಯುತ್ತದೆ, ಕೆಳಗೆ ದಾರ ಹಿಡಿಯುವ ಹುಕ್ ತಿರುಗುವುದಿಲ್ಲ. ಮಷಿನ್ ಹೋಯಿತಾ?

ಉತ್ತರ: ಹೋಗಿಲ್ಲ, ಉಳಿದಿದೆ. ನಿಮ್ಮದರಲ್ಲಿ ಸೇಫ್ಟಿ ಕ್ಲಚ್ ಇರಬೇಕು. ಹುಕ್ ಮುರಿಯದಿರಲಿ ಎಂದು ಅದೇ ಬಿಟ್ಟುಕೊಂಡಿದೆ. ಪ್ಲಗ್ ಕಿತ್ತು, ಹುಕ್ ಸುತ್ತ ಸಿಕ್ಕಿದ ದಾರದ ಒಂದೆಳೆಯನ್ನೂ ಬಿಡದೆ ತೆಗೆಯಿರಿ. ಕ್ಲಚ್ ಕೂರಿಸುವ ಗುಂಡಿ ಕೆಲವದರಲ್ಲಿ ಬೆಡ್ ಮೇಲೆ, ಕೆಲವದರಲ್ಲಿ ಅಡಿಯಲ್ಲಿ ಇರುತ್ತದೆ. ಅದನ್ನು ಒತ್ತಿ ಹಿಡಿದು ಚಕ್ರ ತಿರುಗಿಸಿ. ಯಾವ ದಿಕ್ಕು ಎಂಬುದನ್ನು ಮಷಿನ್ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ. ಮತ್ತೆ ಟಕ್ ಎಂದರೆ ಕೂತಿತು.