ಹಳೇ ಲಾರಿ ಐಡಲಿಂಗ್‌ನಲ್ಲಿ ಅದುರುತ್ತದೆ, ಡೀಸೆಲ್ ಪ್ರೆಷರ್ ಕಮ್ಮಿ: ಪಂಪ್ ಬದಲಿಸಬೇಕಾ?

ಸಕಲೇಶಪುರದಿಂದ ಹಾಸನಕ್ಕೆ ಕಾಫಿ ಮೂಟೆ ಹೊರುವ ಹಳೇ ಲಾರಿ ಅಂದಿದ್ದೀರಿ. ಪಂಪಿಗೆ ಈಗಲೇ ಕೈ ಹಾಕಬೇಡಿ. ಮೊದಲು ಪೈಪು ಗಾಳಿ ಎಳೆಯುತ್ತಿದೆಯಾ ನೋಡಿ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಡೀಸೆಲ್ ಎಳೆದು ಇಂಜಿನ್ ಕಡೆ ತಳ್ಳುವ ಸಣ್ಣ ಪಂಪ್) ಡೀಸೆಲ್ ಬರುವುದು ಹೀರುವಿಕೆಯಿಂದ. ಅಲ್ಲಿ ಸಣ್ಣ ಸಂದಿ ಇದ್ದರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಜಾಸ್ತಿ ಜನರಿಗೆ ಗೊತ್ತಾಗುವುದಿಲ್ಲ. ಫೀಡ್ ಪಂಪಿಗೆ ಬರುವ ಕಡೆ ಒಂದು ಗೇಣು ಟ್ರಾನ್ಸ್‌ಪರೆಂಟ್ ಡೀಸೆಲ್ ಪೈಪ್ ಹಾಕಿ ಇಂಜಿನ್ ಓಡಿಸಿ. ಗುಳ್ಳೆ ಸಾಲಾಗಿ ಬಂದರೆ ಕಳ್ಳ ಸಿಕ್ಕಿದ ಹಾಗೆ. ಬಿರುಕು ಬಿಟ್ಟ ರಬ್ಬರ್ ಪೈಪ್, ಚಪ್ಪಟೆಯಾದ ತಾಮ್ರದ ವಾಷರ್ ಬದಲಿಸಿ. ಆಮೇಲೆ ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆಯಿರಿ.

ಗುಳ್ಳೆ ಇಲ್ವಾ? ಫಿಲ್ಟರ್ ಬದಲಿಸಿ, ಫೀಡ್ ಪಂಪಿನ ಜಾಲರಿ ತೊಳೆಯಿರಿ. ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ, ಅದನ್ನೂ ಇಳಿಸಿ.

ಇನ್ನೂ ಅದುರಿದರೆ ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪಿನ ನಟ್ ಸ್ವಲ್ಪ ಸಡಿಲಿಸಿ. ಯಾವುದಕ್ಕೆ ಇಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರಿನಲ್ಲೇ ತೊಂದರೆ. ಕೈ, ಕಣ್ಣು ದೂರ ಇರಲಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ. ಕಾಮನ್ ರೈಲ್ ಗಾಡಿಯಲ್ಲಂತೂ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ಹೊಸ ಬಗೆಯ ಇಂಜಿನ್) ಹೀಗೆ ನಟ್ ಸಡಿಲಿಸಲೇಬೇಡಿ.