ತೊಗಟೆ ದುಂಬಿಗಳು ಒಂದನ್ನೊಂದು ಕರೆಯುವ ವಾಸನೆಯನ್ನು ಹೇಗೆ ಪತ್ತೆ ಮಾಡುತ್ತಾರೆ?

ಹಿರಿಯೂರು ಕಡೆ ದಾಳಿಂಬೆ ಕಾಂಡದಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಬುಡದಲ್ಲಿ ಉದುರಿದ ಹುಡಿ ನೋಡಿರುತ್ತೀರಿ, ಅಲ್ವಾ? ಸುಳಿವು ಇರುವುದು ಅಂಥ ಹುಡಿಯಲ್ಲೇ.

1966ರಲ್ಲಿ ಅಮೆರಿಕದ ಸಿಲ್ವರ್‌ಸ್ಟೀನ್, ರೋಡಿನ್, ವುಡ್ ಎಂಬ ಮೂವರು ವಿಜ್ಞಾನಿಗಳು ಈ ಒಗಟನ್ನು ಬಿಡಿಸಿದರು. ಪೈನ್ ಮರ ಕೊರೆಯುವ ಇಪ್ಸ್ ಗಂಡು ದುಂಬಿಗಳ ಹಿಕ್ಕೆ ಬೆರೆತ ಹುಡಿ ಕೂಡಿಹಾಕಿ, ಸಾರ ತೆಗೆದು, ಭಾಗ ಭಾಗವಾಗಿ ಬೇರ್ಪಡಿಸಿ ದುಂಬಿಗಳ ಮುಂದಿಟ್ಟು ನೋಡಿದರು. ಸಿಕ್ಕಿದ್ದು ಇಪ್ಸೆನಾಲ್, ಇಪ್ಸ್‌ಡೈಎನಾಲ್, ಸಿಸ್-ವರ್ಬೆನಾಲ್ ಎಂಬ ಮೂರು ವಾಸನೆ ವಸ್ತುಗಳು. ಮಜಾ ಅಂದರೆ, ಒಂದೊಂದನ್ನೇ ಇಟ್ಟರೆ ದುಂಬಿಗಳು ಕ್ಯಾರೇ ಅನ್ನಲಿಲ್ಲ. ಬೆರೆಸಿದಾಗ ಬಂದವು.

ಈಗ ದುಂಬಿಯ ಮೀಸೆಗೇ ಎಲೆಕ್ಟ್ರೋಡ್ ಜೋಡಿಸುತ್ತಾರೆ. ಮಿಶ್ರಣವನ್ನು ಬಿಡಿಬಿಡಿ ಮಾಡುವ ಯಂತ್ರ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಿಂದ ಒಂದೊಂದೇ ವಸ್ತು ಬಂದು ಮೀಸೆಗೆ ತಾಗುತ್ತದೆ. ಮೀಸೆಗೆ ಗೊತ್ತಾದರೆ ಪರದೆಯ ಮೇಲಿನ ಗೆರೆ ಕುಪ್ಪಳಿಸುತ್ತದೆ. ಅದು ಯಾವ ವಸ್ತು ಅಂತ ಮಾಸ್ ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ಆದರೆ ಗೊತ್ತಾದದ್ದೆಲ್ಲ ಕರೆಯುವ ವಾಸನೆ ಅಲ್ಲ, ಓಡಿಸುವುದೂ ಇರಬಹುದು. ಅದಕ್ಕೇ ಕಾಡಲ್ಲಿ ಟ್ರ್ಯಾಪ್ ಕಟ್ಟಿ ನೋಡದೆ ಯಾರೂ ತೀರ್ಮಾನ ಹೇಳುವುದಿಲ್ಲ.

ದಾಳಿಂಬೆ ಕಾಂಡದಲ್ಲಿ ಆ ತೂತು ಕೊರೆಯುವ ಶಾಟ್ ಹೋಲ್ ಬೋರರ್ ದುಂಬಿ ಕೂಡ ಇದೇ ಬಳಗ. ಆದರೆ ಅದರ ಹತ್ತಿರದ ಎಷ್ಟೋ ದುಂಬಿಗಳನ್ನು ಜಾಸ್ತಿ ಎಳೆಯುವುದು ಸೊರಗಿದ ಗಿಡ ಬಿಡುವ ಎಥನಾಲ್, ಅಂದರೆ ಮದ್ಯಸಾರ. ಸುಮ್ನೆ ಇಪ್ಸೆನಾಲ್ ತಂದು ತೋಟದಲ್ಲಿ ತೂಗುಹಾಕಬೇಡಿ.