ಅಕ್ಕನ ಚೀಟಿಯಲ್ಲಿ ಜಿಎಡಿ, ಸಿಬಿಟಿ ಅಂತ ಬರೆದಿದ್ದಾರೆ. ಏನು ಹಾಗಂದರೆ? ಈ ಮಾತ್ರೆಗಳು ಚಟ ಆಗಿಬಿಡುತ್ತವಾ?

ನಿಮ್ಮ ಅಕ್ಕನಿಗೆ ಬೆಳಿಗ್ಗೆ ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ, ರಾತ್ರಿ ಕ್ಲೊನಜೆಪಾಮ್ 0.25 ಮಿಲಿಗ್ರಾಂ, ಜೊತೆಗೆ ಸಿಬಿಟಿ ಅಂತ ಬರೆದುಕೊಟ್ಟಿದ್ದಾರೆ. ಮೇಲೆ ‘ಎಫ್41.1, ಜಿಎಡಿ’ ಅಂತಿದೆ. ನೆಟ್‌ನಲ್ಲಿ ನೋಡಿದರೆ ಒಂದು ಡಿಪ್ರೆಶನ್ ಮಾತ್ರೆ, ಇನ್ನೊಂದು ಚಟ ಹಿಡಿಸುವ ಮಾತ್ರೆ ಅಂತ ಬಂತು, ಎರಡನ್ನೂ ಬಿಟ್ಟುಬಿಡೋಣ ಅಂತ ಮನೆಯಲ್ಲಿ ಮಾತಾಗುತ್ತಿದೆ ಅಂದಿದ್ದೀರಿ. ನಾನು ಡಾಕ್ಟರ್ ಅಲ್ಲ, ಫಾರ್ಮಾಸಿಸ್ಟ್. ಇಂಥ ಚೀಟಿಗಳು ನನ್ನ ಕೈಗೆ ಬರುತ್ತಲೇ ಇರುತ್ತವೆ, ಇದೇ ಪ್ರಶ್ನೆಯನ್ನು ಜನ ಪಿಸುದನಿಯಲ್ಲಿ ಕೇಳುತ್ತಲೇ ಇರುತ್ತಾರೆ. ಡಾಕ್ಟರನ್ನು ಕೇಳದೆ ಯಾವುದನ್ನೂ ಥಟ್ಟನೆ ನಿಲ್ಲಿಸಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಆ ನಂಬರ್. ಅದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-10ರಿಂದ ಬಂದದ್ದು. ಮನಸ್ಸಿನ ಕಾಯಿಲೆಗಳೆಲ್ಲ ಅದರಲ್ಲಿ ‘ಎಫ್’ ಅಕ್ಷರದಡಿ ಬರುತ್ತವೆ. ಎಫ್41.1 ಅಂದರೆ ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್, ಅಂದರೆ ಬಿಡದೆ ಕಾಡುವ ಚಿಂತೆಯ ಕಾಯಿಲೆ, ಅದೇ ಜಿಎಡಿ. 2022ರಲ್ಲಿ ಐಸಿಡಿ-11 ಜಾರಿಗೆ ಬಂದಿದೆ, ಆದರೂ ಹಳೆಯ ನಂಬರ್ ಬರೆಯುವ ಡಾಕ್ಟರ್‌ಗಳು ಇನ್ನೂ ಇದ್ದಾರೆ.

ಚಿಂತೆ ಯಾರಿಗಿಲ್ಲ ಹೇಳಿ. ಜಿಎಡಿಯಲ್ಲಿ ಚಿಂತೆ ಒಂದೇ ವಿಷಯಕ್ಕೆ ನಿಲ್ಲುವುದಿಲ್ಲ. ಇವತ್ತು ದುಡ್ಡು, ನಾಳೆ ಮಕ್ಕಳ ಆರೋಗ್ಯ, ನಾಳಿದ್ದು ಯಾರೋ ಫೋನ್ ಎತ್ತಲಿಲ್ಲ ಅಂತ. ಬೇಡ ಅಂದರೂ ತಡೆಯಲಾಗುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಪ್ರಕಾರ, ಇದು ಕನಿಷ್ಠ 6 ತಿಂಗಳು ಹೆಚ್ಚಿನ ದಿನಗಳಲ್ಲಿ ಇರಬೇಕು. ಜೊತೆಗೆ ಚಡಪಡಿಕೆ, ಬೇಗ ಸುಸ್ತಾಗುವುದು, ಗಮನ ನಿಲ್ಲದಿರುವುದು, ಸಿಡುಕು, ಮೈಕೈ ಬಿಗಿತ, ನಿದ್ದೆಗೇಡು ಈ ಆರರಲ್ಲಿ ಮೂರಾದರೂ ಇರಬೇಕು. ದಿನದ ಬದುಕಿಗೆ ತೊಂದರೆಯೂ ಆಗುತ್ತಿರಬೇಕು. ಎಷ್ಟೋ ಜನ ಕುತ್ತಿಗೆ ನೋವು, ಹೊಟ್ಟೆ ತೊಳಸು ಅಂತ ಬೇರೆ ಡಾಕ್ಟರ್‌ಗಳನ್ನೆಲ್ಲ ಸುತ್ತಿ ಕೊನೆಗೆ ಮನೋವೈದ್ಯರ ಹತ್ತಿರ ಬರುವುದು ಇದಕ್ಕೇ.

ಪ್ಯಾನಿಕ್ ಅಟ್ಯಾಕ್ ಬೇರೆ. ಅದು ಇದ್ದಕ್ಕಿದ್ದಂತೆ ಬಂದು ಕೆಲವೇ ನಿಮಿಷಗಳಲ್ಲಿ ಏರುತ್ತದೆ. ಎದೆ ಡವಡವ, ಬೆವರು, ನಡುಕ, ಈಗಲೇ ಸತ್ತುಹೋಗುತ್ತೇನೆ ಅನ್ನುವ ಭಯ. ಹಾರ್ಟ್ ಅಟ್ಯಾಕ್ ಅಂತ ಓಡಿಹೋದವರೂ ಇದ್ದಾರೆ, ಅದು ತಪ್ಪಲ್ಲ. ಮೊದಲ ಸಲ ಆದಾಗ ಇಸಿಜಿ ಮಾಡಿಸಿಕೊಳ್ಳುವುದೇ ಸರಿ.

ಹಾಗಾದರೆ ಅಕ್ಕನಿಗೆ ಡಿಪ್ರೆಶನ್ ಇದೆಯಾ? ಮಾತ್ರೆ ನೋಡಿ ಅದನ್ನು ಹೇಳಲಾಗುವುದಿಲ್ಲ. ಎಸ್ಸಿಟಾಲೊಪ್ರಾಮ್ ಎಸ್‌ಎಸ್‌ಆರ್‌ಐ ಗುಂಪಿನ, ಅಂದರೆ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆ. ಈ ಗುಂಪು ಡಿಪ್ರೆಶನ್‌ಗೆ ಅಂತ ಹೆಸರಾಯಿತು, ಆದರೆ ಜಿಎಡಿ, ಪ್ಯಾನಿಕ್, ಒಸಿಡಿ (ಬೇಡದ ಯೋಚನೆ ಕಾಡುವ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಎಲ್ಲಕ್ಕೂ ಇದರ ಮಾತ್ರೆಗಳನ್ನೇ ಕೊಡುತ್ತಾರೆ. ಡಿಪ್ರೆಶನ್ ಅನ್ನಬೇಕಾದರೆ ಕನಿಷ್ಠ 2 ವಾರ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲವೇ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿರಬೇಕು. ಜೊತೆಗೆ ನಿದ್ದೆ, ಹಸಿವು, ಶಕ್ತಿ ಇವುಗಳಲ್ಲೂ ಏರುಪೇರು ಇರುತ್ತದೆ. ಆಂಗ್ಸೈಟಿ, ಡಿಪ್ರೆಶನ್ ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ, ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ.

ಈಗ ಮಾತ್ರೆಗಳ ವಿಷಯಕ್ಕೆ ಬರೋಣ. ನಿಮ್ಮ ಮನೆಯ ಗಲಾಟೆಗೆಲ್ಲ ಕಾರಣ ಒಂದೇ: ಎರಡು ಬೇರೆ ಬೇರೆ ಜಾತಿಯ ಮಾತ್ರೆಗಳನ್ನು ಒಂದೇ ಅಂತ ತಿಳಿದಿದ್ದೀರಿ.

ಎಸ್ಸಿಟಾಲೊಪ್ರಾಮ್ ನಿಧಾನದ ಮಾತ್ರೆ. ಗುಣ ಕಾಣೋಕೆ 2ರಿಂದ 6 ವಾರ ಬೇಕು. ಆದರೆ ವಾಕರಿಕೆ, ತಲೆನೋವು ಮೊದಲ ವಾರವೇ ಬರಬಹುದು, ಕೆಲವರಿಗೆ ಗಾಬರಿಯೇ ಸ್ವಲ್ಪ ಜಾಸ್ತಿ ಆಗಬಹುದು. ಅಂದರೆ ತೊಂದರೆ ಮೊದಲು, ಗುಣ ಆಮೇಲೆ. ‘ಹತ್ತು ದಿನ ತಗೊಂಡೆ, ಏನೂ ಆಗಲಿಲ್ಲ’ ಅಂತ ಬಿಡುವವರು ಬಹಳ, ನನಗೆ ಬೇಜಾರಾಗುವುದು ಅಲ್ಲೇ. ಲೈಂಗಿಕ ಆಸಕ್ತಿ ಕುಂದುವುದೂ ಇದೆ. ಕೇಳಲು ಸಂಕೋಚ ಅಂತ ಎಷ್ಟೋ ಜನ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ, ಡಾಕ್ಟರಿಗೆ ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಿಸಬಹುದು. ಈ ಮಾತ್ರೆಯ ಜೊತೆ ಆಸ್ಪಿರಿನ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತಗೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಅಕ್ಕ ಅವನ್ನು ತಗೋತಿದ್ದರೆ ಮೊದಲೇ ಹೇಳಿ.

ಕ್ಲೊನಜೆಪಾಮ್ ಬೆಂಜೊಡಯಾಜೆಪಿನ್ ಗುಂಪಿನದು. 1960ರಲ್ಲಿ ಮಾರುಕಟ್ಟೆಗೆ ಬಂದ ಕ್ಲೋರ್‌ಡಯಾಜೆಪಾಕ್ಸೈಡ್‌ನಿಂದ ಶುರುವಾದ ಕುಟುಂಬ. ಇದು ಅವತ್ತೇ ಕೆಲಸ ಮಾಡುತ್ತದೆ. ಹಾಗಾಗಿಯೇ ಎಸ್‌ಎಸ್‌ಆರ್‌ಐ ಹಿಡಿತಕ್ಕೆ ಬರುವ ತನಕದ ಆಸರೆಯಾಗಿ ಮೊದಲ ಕೆಲವು ವಾರ ಕೊಡುತ್ತಾರೆ. ಚಟದ ಭಯ ನಿಜಕ್ಕೂ ಇರಬೇಕಾದದ್ದು ಇದರ ಬಗ್ಗೆ. ದಿನವೂ ತಿಂಗಳುಗಟ್ಟಲೆ ತಗೊಂಡರೆ ದೇಹ ಒಗ್ಗಿಕೊಳ್ಳುತ್ತದೆ, ಅದೇ ಡೋಸ್ ಸಾಲದಾಗುತ್ತದೆ. ಆಮೇಲೆ ಥಟ್ಟನೆ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಗಾಬರಿ ಮೊದಲಿಗಿಂತ ಜೋರಾಗಿ ವಾಪಸ್ ಬರುತ್ತದೆ, ಫಿಟ್ಸ್ ಕೂಡ ಬರಬಹುದು. ಹಾಗಾಗಿ ನಿಲ್ಲಿಸಬೇಕಾದಾಗ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹೆಂಡದ ಜೊತೆ ಬೇಡವೇ ಬೇಡ, ಉಸಿರಾಟವೇ ಕುಗ್ಗಬಹುದು. ಇದು ದೇಹದಲ್ಲಿ ಬಹಳ ಹೊತ್ತು ಉಳಿಯುವುದರಿಂದ ಬೆಳಿಗ್ಗೆಯೂ ಮಂಪರು ಇರಬಹುದು, ಗಾಡಿ ಓಡಿಸುವಾಗ ಹುಷಾರು. ಒಬ್ಬರಿಗೆ ಬರೆದ ಮಾತ್ರೆಯನ್ನು ಮನೆಮಂದಿಯೆಲ್ಲ ‘ನಿದ್ದೆಗೆ’ ಅಂತ ಹಂಚಿಕೊಳ್ಳುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಎಸ್‌ಎಸ್‌ಆರ್‌ಐ ನಿಲ್ಲಿಸಿದಾಗಲೂ ತಲೆ ಸುತ್ತು, ಕರೆಂಟ್ ಹೊಡೆದಂಥ ಅನುಭವ ಆಗಬಹುದು ನಿಜ. ಆದರೆ ಇನ್ನೊಂದು ಬೇಕು, ಇನ್ನೊಂದು ಬೇಕು ಅನ್ನುವ ಹಪಹಪಿ ಅದರಲ್ಲಿಲ್ಲ. ಅದನ್ನೂ ನಿಧಾನವಾಗಿ ಇಳಿಸಿದರೆ ಹೆಚ್ಚಿನವರಿಗೆ ಕಷ್ಟ ಕಮ್ಮಿ. ಜೀವನಪೂರ್ತಿ ತಗೋಬೇಕಾ ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ಹುಷಾರಾದ ಮೇಲೆ 6ರಿಂದ 12 ತಿಂಗಳು ಮುಂದುವರಿಸಿ ಆಮೇಲೆ ಇಳಿಸುತ್ತಾರೆ. ಪದೇ ಪದೇ ಮರುಕಳಿಸುವವರಿಗೆ ಜಾಸ್ತಿ ಕಾಲ ಬೇಕಾಗಬಹುದು.

ಸಿಬಿಟಿ ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ. 1960ರ ದಶಕದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಇದರ ಬುನಾದಿ ಹಾಕಿದರು. ಸಮಾಧಾನ ಹೇಳಿ ಕಳಿಸುವ ಕೌನ್ಸೆಲಿಂಗ್ ಅಲ್ಲ ಇದು. ‘ಫೋನ್ ಎತ್ತಲಿಲ್ಲ, ಅಂದರೆ ಆಕ್ಸಿಡೆಂಟ್ ಆಗಿದೆ’ ಅನ್ನುವ ಯೋಚನೆಯನ್ನು ಬರೆಸುತ್ತಾರೆ, ಅದಕ್ಕೆ ಆಧಾರ ಏನು ಅಂತ ಕೇಳುತ್ತಾರೆ. ಮತ್ತೆ ಮತ್ತೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವುದನ್ನು ಕಮ್ಮಿ ಮಾಡಿಸುತ್ತಾರೆ. ಮನೆಯಲ್ಲಿ ಮಾಡಿಕೊಂಡು ಬರಲು ಹೋಂವರ್ಕ್ ಕೂಡ ಇರುತ್ತದೆ! ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಸೆಷನ್. ಇದನ್ನು ಹೆಚ್ಚಾಗಿ ಸೈಕಾಲಜಿಸ್ಟ್ ಮಾಡಿಸುತ್ತಾರೆ, ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಜನ ಮಾತ್ರೆ ತಗೊಂಡು ಸಿಬಿಟಿ ಸಾಲನ್ನು ಮರೆತುಬಿಡುತ್ತಾರೆ. ನನ್ನನ್ನು ಕೇಳಿದರೆ ಚೀಟಿಯಲ್ಲಿ ಬಿಡಬಾರದ ಸಾಲು ಅದೇ.

ಡಾಕ್ಟರಿಗೆ ಇನ್ನೆರಡು ವಿಷಯ ಹೇಳಿದ್ದೀರಾ ನೋಡಿ. ಒಂದು ಥೈರಾಯ್ಡ್. ಅದು ಜಾಸ್ತಿ ಕೆಲಸ ಮಾಡಿದರೂ ಎದೆಬಡಿತ, ನಡುಕ, ಗಾಬರಿ ಬರುತ್ತದೆ, ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇನ್ನೊಂದು, ಅಕ್ಕನಿಗೆ ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆ ಇಲ್ಲದೆಯೂ ಸುಸ್ತಾಗದೆ, ವಿಪರೀತ ಹುಮ್ಮಸ್ಸು, ನಿಲ್ಲದ ಮಾತು, ದುಡ್ಡು ಚೆಲ್ಲುವುದು ಇಂಥದ್ದೇನಾದರೂ ಆಗಿತ್ತಾ? ಅದು ಬೈಪೋಲಾರ್, ಅಂದರೆ ಅತಿ ಹುಮ್ಮಸ್ಸು ಮತ್ತು ಮನಸ್ಸು ಕುಗ್ಗುವುದು ಬೇರೆ ಬೇರೆ ಹೊತ್ತಿನಲ್ಲಿ ಬರುವ ಕಾಯಿಲೆ ಇರಬಹುದು. ಅಂಥವರಿಗೆ ಎಸ್‌ಎಸ್‌ಆರ್‌ಐ ಒಂದನ್ನೇ ಕೊಟ್ಟರೆ ಆ ಹುಮ್ಮಸ್ಸು ಮತ್ತೆ ಕೆದರಬಹುದು.

ಕ್ಲೊನಜೆಪಾಮ್ ಎಷ್ಟು ವಾರ ಅಂತ ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ. ಅಕ್ಕನ ವಯಸ್ಸು 25ಕ್ಕಿಂತ ಕಮ್ಮಿ ಇದ್ದರೆ ಮೊದಲ ಕೆಲವು ವಾರ, ಡೋಸ್ ಬದಲಾದಾಗಲೂ, ಜೊತೆಗೊಬ್ಬರು ಗಮನ ಇಟ್ಟಿರಿ. ಆ ವಯಸ್ಸಿನವರಲ್ಲಿ ಎಸ್ಸಿಟಾಲೊಪ್ರಾಮ್ ಥರದ ಮಾತ್ರೆಗಳ ಶುರುವಿನಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹಾಕಿಸಿದೆ. ಅಂಥ ಮಾತು ಬಂದರೆ, ವಯಸ್ಸು ಎಷ್ಟೇ ಇರಲಿ, ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.